ಕಾಲು ಕೊಟ್ಟ ದೂರು

“ಬ್ರೇಕ್ ಸರಿಯಿಲ್ಲ ಅನ್ನೋದು ದೂರಲ್ಲ ಮೇಷ್ಟ್ರೇ, ಅದು ಗೊಣಗಾಟ,” ಅಂದರು ಡಿಪೋ ರಾಯರು.

ಡಿಪೋ ರಾಯರು ಎಂಬುದು ನಮ್ಮ ಬೀದಿ ಇಟ್ಟ ಹೆಸರು. ಸರ್ಕಾರಿ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ಬಸ್ಸಿನ ಕೆಳಗೆ ಮಲಗಿ ನಿವೃತ್ತರಾದವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್. ಆ ಕಡೆ ಬೇರು ಬಿಟ್ಟ ಕರಿಬೇವಿನ ಗಿಡ ಎಲೆ ಬಿಟ್ಟಿರುವುದೆಲ್ಲ ಈ ಕಡೆ. ಶಿವಮೊಗ್ಗದಲ್ಲಿ ಮಳೆ ಹೊಳವಾದ ಸಂಜೆ ಇಬ್ಬರೂ ಅದಕ್ಕೆ ಮೊಣಕೈ ಊರಿ ನಿಂತೆವೆಂದರೆ, ಅಡಿಕೆ ಧಾರಣೆಯಿಂದ ಶುರುವಾದ ಮಾತು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಈ ಸಲ ಹೋದದ್ದು ನಮ್ಮ ಹಳೇ ಕಾರಿನ ಬ್ರೇಕಿಗೆ.

“ಗೊಣಗಾಟ ಹೇಗಾಗುತ್ತೆ ರಾಯರೇ? ಬ್ರೇಕ್ ಹಿಡೀತಿಲ್ಲ, ಅದನ್ನೇ ಹೇಳಿದೆ.”

“ನಮ್ಮ ಡಿಪೋದಲ್ಲೂ ಡ್ರೈವರ್‌ಗಳು ಪುಸ್ತಕದಲ್ಲಿ ಇದನ್ನೇ ಬರೀತಿದ್ರು. ‘ಬ್ರೇಕ್ ವೀಕ್.’ ಕೆಳಗೊಂದು ಸಹಿ. ವೀಕ್ ಅಂದ್ರೆ ಏನು ಮಾರಾಯ, ಪೆಡಲ್ ಮೆತ್ತಗಿದೆಯೋ, ಒತ್ತಿ ಹಿಡಿದ್ರೆ ಇಳೀತಾ ಹೋಗುತ್ತೋ, ಗಟ್ಟಿಯಾಗಿ ನಿಂತುಬಿಡುತ್ತೋ, ಅಂತ ಕೇಳಿದ್ರೆ ಮುಖ ಮುಖ ನೋಡೋರು. ಕಾಲಿಗೆ ಗೊತ್ತಿರುತ್ತೆ, ಬಾಯಿಗೆ ಬರೋದಿಲ್ಲ. ನಿಮ್ಮ ಕಾಲು ಏನು ಹೇಳುತ್ತೆ, ಅದನ್ನ ಹೇಳಿ.”

ಗಟ್ಟಿ ಎಂದೆ. ಎಷ್ಟು ಒತ್ತಿದರೂ ಪೆಡಲ್ ಮೇಲೆಯೇ ನಿಲ್ಲುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಗ್ಯಾರೇಜಿನ ಹುಡುಗ ಪೆಡಲನ್ನು ಒಮ್ಮೆ ಒತ್ತಿ ನೋಡಿ ‘ಬೂಸ್ಟರ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು’ ಅಂದಿದ್ದ. ಅವನು ಹೇಳಿದ ಮೊತ್ತ ಕೇಳಿ ನನಗೇ ಒಂದು ಬೂಸ್ಟರ್ ಬೇಕಾಗಿತ್ತು.

“ಅಂದ್ರೆ ಮೆತ್ತಗಿನ ಜಾತಿ ಅಲ್ಲ. ಅರ್ಧ ಪುಸ್ತಕ ಮುಚ್ಚಿಡಬಹುದು,” ಎಂದು ರಾಯರು ಹಾಗೆ ಮುಚ್ಚಿಡಬಹುದಾದ ಅರ್ಧವನ್ನೇ ಮೊದಲು ಬಿಡಿಸಿ ಹೇಳತೊಡಗಿದರು. ಹರಟೆಗೆ ಕಸುಬು ಗೊತ್ತಿದ್ದವರು ಸಿಕ್ಕರೆ ಹೀಗೆಯೇ.

ಪೆಡಲ್ ಮೆತ್ತಗಾಗಿ ಒಳಗೆ ಏನೋ ಕುಪ್ಪಳಿಸಿದ ಹಾಗಾದರೆ ಪೈಪಿನಲ್ಲಿ ಗಾಳಿ ಸೇರಿದೆ. ಬ್ರೇಕ್ ಆಯಿಲನ್ನು ಅದುಮಿ ಕುಗ್ಗಿಸಲು ಬರುವುದಿಲ್ಲ, ಗಾಳಿಯನ್ನು ಬರುತ್ತದೆ. ಕಾಲಿನ ಬಲವೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚು. ಒಬ್ಬರು ಪೆಡಲ್ ಒತ್ತಿ ಹಿಡಿದು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಗಾಳಿ ತೆಗೆಯಬೇಕು. ಪೆಡಲ್ ತೀರ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಮೇಲೇಳುತ್ತದೆ ಅಂದರೆ ಬಹಳ ಸಲ ಹಿಂದಿನ ಡ್ರಮ್ಮಿನಲ್ಲಿ ಲೈನರ್ ಸವೆದು ಅಂತರ ಹೆಚ್ಚಿದೆ, ಅಡ್ಜಸ್ಟ್ ಮಾಡಬೇಕು. ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದಾಗ ಪೆಡಲ್ ತನ್ನಷ್ಟಕ್ಕೆ ಮೆಲ್ಲಗೆ ನೆಲ ಸೇರಿತೋ, ಹೊರಗೆಲ್ಲೂ ಸೋರಿಕೆಯಿಲ್ಲವೋ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ. ಒತ್ತಿದ ಆಯಿಲ್ ಮುಂದೆ ಹೋಗುವ ಬದಲು ರಬ್ಬರಿನ ಪಕ್ಕದಿಂದ ವಾಪಸ್ ನುಸುಳುತ್ತಿದೆ.

“ಇನ್ನೊಂದು ಕಳ್ಳತನ ಇದೆ,” ಅಂದರು ದನಿ ತಗ್ಗಿಸಿ, ಕರಿಬೇವಿನ ಗಿಡ ಕೇಳಿಸಿಕೊಂಡೀತು ಎನ್ನುವ ಹಾಗೆ. “ಡಬ್ಬಿಯಲ್ಲಿ ಆಯಿಲ್ ಕಮ್ಮಿ ಆಗ್ತಾ ಇರುತ್ತೆ. ನಾಲ್ಕು ಚಕ್ರದಲ್ಲೂ ಹುಡುಕಿ, ನೆಲದಲ್ಲೂ ಹುಡುಕಿ, ಒಂದು ತೊಟ್ಟಿಲ್ಲ. ಎಲ್ಲಿಗೆ ಹೋಯ್ತು? ಮಾಸ್ಟರಿನ ಹಿಂದಿನ ಸೀಲ್ ಬಿಟ್ಟಿರುತ್ತೆ. ಆಯಿಲ್ ಸೀದಾ ಬೂಸ್ಟರಿನ ಹೊಟ್ಟೆಗೆ. ಅಲ್ಲಿ ನಿಂತು ಡಯಾಫ್ರಮ್ಮನ್ನೂ ಕೆಡಿಸುತ್ತೆ. ಅದಕ್ಕೇ ಹೇಳೋದು, ಆಯಿಲ್ ಕಮ್ಮಿ ಆದ್ರೆ ತುಂಬಿಸಿ ಸುಮ್ಮನಾಗಬಾರದು, ಎಲ್ಲಿಗೆ ಹೋಯ್ತು ಅಂತ ಕೇಳಬೇಕು.”

“ನಮ್ಮದು ಗಟ್ಟಿ ರಾಯರೇ,” ಎಂದು ಅವರನ್ನು ದಾರಿಗೆ ತಂದೆ.

“ಹಾಂ, ಗಟ್ಟಿ. ಕಾರಿನಲ್ಲಿ ಕೂತುಕೊಳ್ಳಿ, ಇಲ್ಲಿಂದಲೇ ಹೇಳ್ತೀನಿ. ಇಂಜಿನ್ ಚಾಲೂ ಮಾಡಬೇಡಿ. ಪೆಡಲ್ ನಾಲ್ಕೈದು ಸಲ ಒತ್ತಿ ಬಿಡಿ. ಒತ್ತಿದ ಹಾಗೆಲ್ಲ ಗಟ್ಟಿಯಾಗುತ್ತಾ ಬರಬೇಕು. ಬಂತಾ? ಈಗ ಕಾಲು ತೆಗೀಬೇಡಿ, ಸಾಧಾರಣ ಬಲದಲ್ಲಿ ಒತ್ತಿಕೊಂಡೇ ಸ್ಟಾರ್ಟ್ ಮಾಡಿ.”

ಮಾಡಿದೆ. ಇಂಜಿನ್ ಹಿಡಿದುಕೊಂಡ ಕೂಡಲೇ ಪೆಡಲ್ ಕಾಲಿನಡಿ ಒಂದಿಷ್ಟು ಕೆಳಗಿಳಿಯಿತು. ಯಾರೋ ಪಕ್ಕದಲ್ಲಿ ಕೂತು ತಾವೂ ಒತ್ತಿದ ಹಾಗೆ.

“ಇಳೀತಾ? ಹಾಗಾದ್ರೆ ನಿಮ್ಮ ಬೂಸ್ಟರ್ ಬದುಕಿದೆ. ಈಗ ಇಂಜಿನ್ ಆಫ್ ಮಾಡಿ, ಕಾಲು ತೆಗೆದು, ಐದು ನಿಮಿಷ ಬಿಟ್ಟು ಒಮ್ಮೆ ಒತ್ತಿ ನೋಡೋಣ.”

ಆ ಐದು ನಿಮಿಷದಲ್ಲಿ ನನ್ನೊಳಗಿನ ವಿಜ್ಞಾನ ಮೇಷ್ಟ್ರು ಎದ್ದು ಕೂತ. ಬೂಸ್ಟರ್ ಎಂಬುದು ಬಾನೆಟ್ಟಿನ ಹಿಂಭಾಗದಲ್ಲಿ, ಮಾಸ್ಟರ್ ಸಿಲಿಂಡರಿನ ಬೆನ್ನಿಗೆ ಕೂತಿರುವ ಕಪ್ಪು ದುಂಡು ಡಬ್ಬಿ. ಒಳಗೆ ಅಡ್ಡಲಾಗಿ ಒಂದು ರಬ್ಬರ್ ಡಯಾಫ್ರಮ್. ಪೆಟ್ರೋಲ್ ಇಂಜಿನ್ ಓಡುವಾಗ ಮ್ಯಾನಿಫೋಲ್ಡಿನಿಂದ ಗಾಳಿ ಹೀರಿಕೊಂಡು ಡಬ್ಬಿಯ ಎರಡೂ ಕೋಣೆ ಬರಿದು ಮಾಡಿರುತ್ತದೆ. ಪೆಡಲ್ ಒತ್ತಿದಾಗ ಹಿಂದಿನ ಕೋಣೆಗೆ ಮಾತ್ರ ಹೊರಗಿನ ಗಾಳಿ ಬಿಡುವ ಬಾಗಿಲು ತೆರೆಯುತ್ತದೆ. ಆಮೇಲೆ ಕೆಲಸ ಮಾಡುವುದು ನಮ್ಮ ಕಾಲಲ್ಲ, ವಾತಾವರಣ.

ಅದರ ಬಲ ಕಡಿಮೆಯದೇನಲ್ಲ. ಹದಿನೇಳನೇ ಶತಮಾನದಲ್ಲಿ ಜರ್ಮನಿಯ ಮಾಗ್ಡೆಬರ್ಗ್ ನಗರದ ಓಟ್ಟೋ ಫಾನ್ ಗೆರಿಕೆ ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡು ಕಡೆ ಕುದುರೆ ಕಟ್ಟಿ ಎಳೆಸಿದರೂ ಬಿಡಿಸಲಾಗದ ಕತೆಯನ್ನು ನಾನು ಎಷ್ಟು ತರಗತಿಗಳಿಗೆ ಹೇಳಿಲ್ಲ! ಅದೇ ಬಲವನ್ನು ಕಾರಿನ ಬ್ರೇಕಿಗೆ ಹೂಡುವ ಉಪಾಯ ಕಂಡವನು ಬೆಲ್ಜಿಯಂನ ಇಂಜಿನಿಯರ್ ಆಲ್ಬರ್ಟ್ ದೆವಾಂದ್ರ್, 1927ರಲ್ಲಿ. ಲೆಕ್ಕ ಹಾಕಿ ನೋಡಿ: 20 ಸೆಂಟಿಮೀಟರ್ ಅಗಲದ ಡಯಾಫ್ರಮ್ಮಿನ ಹರವು ಸುಮಾರು 314 ಚದರ ಸೆಂಟಿಮೀಟರ್. ಎರಡು ಕೋಣೆಗಳ ನಡುವೆ ಚದರ ಸೆಂಟಿಮೀಟರಿಗೆ 0.6 ಕಿಲೋದಷ್ಟು ಒತ್ತಡದ ಅಂತರ ಇದ್ದರೂ ಹತ್ತಿರ ಹತ್ತಿರ 190 ಕಿಲೋ ನೂಕುಬಲ. ಎರಡು ಮೂಟೆ ಸಿಮೆಂಟ್ ಹೊತ್ತವನನ್ನು ಪೆಡಲ್ ಮೇಲೆ ನಿಲ್ಲಿಸಿದರೂ ಅಷ್ಟಾಗುವುದಿಲ್ಲ.

“ನಮ್ಮ ಬಸ್ಸಿನದು ಇದಕ್ಕೆ ಉಲ್ಟಾ,” ಅಂದರು ರಾಯರು. “ಬಸ್ಸು ನಿಲ್ಲೋದು ತುಂಬಿಟ್ಟ ಗಾಳಿಯಿಂದ, ಕಾರು ನಿಲ್ಲೋದು ಇಲ್ಲದ ಗಾಳಿಯಿಂದ. ನಿಮ್ಮ ಊರಿಗೆ ನಿಮ್ಮ ಲೆಕ್ಕ ಪೂರ್ತಿ ಹೊಂದೋದಿಲ್ಲ, ಅದೂ ಗೊತ್ತಿರಲಿ. ಒಂದು ಸಾವಿರ ಅಡಿ ಏರಿದ್ರೆ ವ್ಯಾಕ್ಯೂಮ್ ಮೀಟರಿನಲ್ಲಿ ಒಂದು ಇಂಚು ಬೀಳುತ್ತೆ. ಮಂಗಳೂರಿನಲ್ಲಿ 20 ಇಂಚು ತೋರಿಸೋ ಇಂಜಿನ್ ನಮ್ಮೂರಲ್ಲಿ 18, ಬೆಂಗಳೂರಲ್ಲಿ 17. ರೋಗ ಅಲ್ಲ ಅದು, ಎತ್ತರ. ಆದರೆ ಇಂಜಿನ್ನೇ ಸವೆದು, ಟೈಮಿಂಗ್ ತಪ್ಪಿ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರ್ತಾ ಇದ್ರೆ ಬೂಸ್ಟರ್ ಹೊಸದು ಹಾಕಿದ್ರೂ ಪೆಡಲ್ ಗಟ್ಟಿಯೇ.”

ಡೀಸೆಲ್ ಕಾರಿನ ಕತೆ ಬೇರೆ ಎಂಬುದನ್ನೂ ಸೇರಿಸಿದರು. ಹಳೇ ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯ ದಾರಿಗೆ ಪೆಟ್ರೋಲಿನಲ್ಲಿರುವಂಥ ತಡೆಬಾಗಿಲು ಇರುವುದಿಲ್ಲವಾದ್ದರಿಂದ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೆಂದೇ ಬೇರೆ ಪಂಪು, ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರಿನ ಹಿಂದೆ. ಪಂಪು ಸೋತರೂ ಗ್ಯಾರೇಜಿನ ತೀರ್ಪು ‘ಬೂಸ್ಟರ್ ಹೋಗಿದೆ’ ಎಂದೇ.

ಐದು ನಿಮಿಷ ಆಯಿತು. ಇಂಜಿನ್ ಆಫ್ ಇದ್ದಂತೆಯೇ ಪೆಡಲ್ ಒತ್ತಿದೆ. ಮೊದಲ ಒತ್ತು ಹಗುರವಾಗಿ ಹೋಯಿತು, ಎರಡನೆಯದೂ ಪರವಾಗಿಲ್ಲ, ಅನಂತರ ಗಟ್ಟಿ.

“ವಾಲ್ವೂ ಸರಿ ಇದೆ ಹಾಗಾದ್ರೆ,” ಅಂದರು.

ಬೂಸ್ಟರಿಗೆ ಬರುವ ದಪ್ಪ ಪೈಪಿನ ತುದಿಯಲ್ಲೋ ನಡುವೆಯೋ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಗಾಳಿ ಇಂಜಿನ್ ಕಡೆಗೆ ಹೋಗಬಹುದು, ಮರಳಿ ಬರಬಾರದು. ಅದು ಚೆನ್ನಾಗಿದ್ದರೆ ಇಂಜಿನ್ ನಿಂತ ಮೇಲೂ ಒಂದೆರಡು ಒತ್ತಿನ ಸಹಾಯ ಡಬ್ಬಿಯಲ್ಲಿ ಉಳಿದಿರುತ್ತದೆ. ಮೊದಲ ಒತ್ತೇ ಗಟ್ಟಿಯಾದರೆ ಆ ವಾಲ್ವನ್ನು ಕಳಚಿ ಬಾಯಿಂದ ಊದಿ ನೋಡಬೇಕು. ಒಂದು ಕಡೆಯಿಂದ ಮಾತ್ರ ಗಾಳಿ ಹಾಯಬೇಕು, ಎರಡು ಕಡೆಯಿಂದಲೂ ಹಾಯ್ದರೆ ಅಥವಾ ಎರಡೂ ಕಡೆ ಹಾಯದಿದ್ದರೆ ಬದಲಿಸಬೇಕು. ಬೂಸ್ಟರಿನ ಬೆಲೆಯ ಮುಂದೆ ಅದು ಚಿಲ್ಲರೆ ಕಾಸು.

“ಪೈಪನ್ನೂ ನೋಡಬೇಕು. ಎಳನೀರಿನ ಸ್ಟ್ರಾ ಸೀಳಿದ್ರೆ ಎಷ್ಟು ಎಳೆದ್ರೂ ಬಾಯಿಗೆ ಬರೋದು ಗಾಳಿನೇ ಅಲ್ವಾ? ಹಾಗೇ. ಹಳೇ ರಬ್ಬರ್ ಪೈಪ್ ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟಿರುತ್ತೆ. ಇಲ್ಲಾ, ಮೆತ್ತಗಾಗಿ ಒಳಕ್ಕೆ ಅಂಟಿಕೊಂಡಿರುತ್ತೆ. ಅಂಟಿಕೊಂಡಿದ್ರೆ ಮೊದಲ ಒತ್ತು ಹಗುರ, ತಕ್ಷಣ ಇನ್ನೊಮ್ಮೆ ಒತ್ತಿದ್ರೆ ಗಟ್ಟಿ. ಡಬ್ಬಿ ಬರಿದಾಗೋಕೆ ಹೊತ್ತು ಹಿಡಿಯುತ್ತೆ. ಡಯಾಫ್ರಮ್ಮೇ ಹರಿದಿದ್ರೆ ಕಾಲಿನ ಹತ್ತಿರ ಬುಸ್ ಅನ್ನೋ ಸದ್ದು ನಿಲ್ಲೋದೇ ಇಲ್ಲ. ಪೆಡಲ್ ಒತ್ತಿದ ಕೂಡಲೇ ಇಂಜಿನ್ನಿನ ಐಡಲ್ ಕೂಡ ಅದುರಕ್ಕೆ ಶುರುವಾಗುತ್ತೆ. ಇಷ್ಟೂ ನೋಡದೆ ಬೂಸ್ಟರ್ ಬಿಚ್ಚೋದು ಅಂದ್ರೆ ಜ್ವರ ಬಂತು ಅಂತ ಕಾಲು ಕತ್ತರಿಸಿದ ಹಾಗೆ,” ಎಂದವರು ಒಂದು ಕ್ಷಣ ತಡೆದು, “ಪಾಪ, ಆ ಹುಡುಗಂಗೆ ಬಯ್ಯಬೇಡಿ. ನೀವು ಬ್ರೇಕ್ ವೀಕ್ ಅಂದ್ರಿ, ಅವನು ಬೂಸ್ಟರ್ ಅಂದ,” ಎಂದರು.

ಗಟ್ಟಿ ಪೆಡಲ್ ಎಲ್ಲ ಕಾರಿಗೂ ರೋಗವಲ್ಲ ಎಂಬ ಮಾತೂ ಬಂತು. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಇದು ಗೊತ್ತು. ಫಿಯಟ್ 1100ರ ವಂಶದ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್, ಬೂಸ್ಟರ್ ಎಂಬುದೇ ಇಲ್ಲ. ಒತ್ತಿದಷ್ಟೇ ಬ್ರೇಕು, ಸೊಂಟದಿಂದ ಒತ್ತಬೇಕು. ಅಂಥ ಕಾರನ್ನು ಈಗಿನವರು ಮೊದಲ ಸಲ ಓಡಿಸಿದರೆ ಬ್ರೇಕ್ ಕೆಟ್ಟಿದೆ ಎಂದೇ ತಿಳಿಯುತ್ತಾರೆ. “ಗಟ್ಟಿ ಇದೆಯಾ ಅನ್ನೋದಲ್ಲ ಪ್ರಶ್ನೆ. ಹೋದ ವರ್ಷಕ್ಕಿಂತ ಗಟ್ಟಿ ಇದೆಯಾ ಅನ್ನೋದು.”

ಇಷ್ಟು ಹೊತ್ತಿಗೆ ನಮ್ಮವಳು ಸಾರಿನ ಒಗ್ಗರಣೆಗೆ ಕರಿಬೇವು ಕೀಳಲು ಬಂದಳು. ಬೂಸ್ಟರ್ ನಿರ್ದೋಷಿ ಎಂದು ಸಾಬೀತಾಗಿರುವುದನ್ನು ನಾನು ಸಡಗರದಿಂದ ಹೇಳಿದೆ.

“ಬೂಸ್ಟರೋ ಏನೋ ನಂಗೊತ್ತಿಲ್ಲ,” ಅಂದಳು, ಕೈ ಕರಿಬೇವಿನಲ್ಲೇ ಇತ್ತು. “ಜೋರಾಗಿ ಬ್ರೇಕ್ ಹಾಕಿದ್ರೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತೆ. ಬ್ರೇಕ್ ಬಿಟ್ಟರೆ ನೆಟ್ಟಗೆ ಹೋಗುತ್ತೆ. ನಿನ್ನೆ ಗಾಂಧಿ ಬಜಾರಿನಿಂದ ಬಂದು ಇಳಿದಾಗ ಎಡಗಡೆ ಮುಂದಿನ ಚಕ್ರದಿಂದ ಬಿಸಿ ಹೊಡೀತಿತ್ತು, ಬಲಗಡೆದು ತಣ್ಣಗಿತ್ತು.”

ರಾಯರು ಕಾಂಪೌಂಡಿನಿಂದ ಮೊಣಕೈ ತೆಗೆದು ನೆಟ್ಟಗೆ ನಿಂತರು. “ನೋಡಿ ಮೇಷ್ಟ್ರೇ, ಇದು ದೂರು! ಅಮ್ಮಾ, ನೀವು ನಮ್ಮ ಡಿಪೋದಲ್ಲಿ ಡ್ರೈವರ್ ಆಗಿದ್ರೆ ನನ್ನ ಸರ್ವೀಸಿನಲ್ಲಿ ಅರ್ಧ ಕಷ್ಟ ಇರ್ತಿರಲಿಲ್ಲ.”

“ಹಾಗಾದ್ರೆ ಎಡ ಚಕ್ರ ಕೆಟ್ಟಿದೆಯಾ?” ಎಂದಳು.

“ಅಲ್ಲ, ಎಡದ್ದು ಒಂದೇ ದುಡೀತಾ ಇದೆ. ಎಡದ್ದು ಕಚ್ಚಿಕೊಂಡಿದ್ರೆ ಬ್ರೇಕ್ ಹಾಕದೆ ಇದ್ದಾಗಲೂ ಎಳೀಬೇಕಿತ್ತು. ಒತ್ತಿದಾಗ ಮಾತ್ರ ಎಡಕ್ಕೆ ಹೋಗುತ್ತೆ ಅಂದ್ರೆ ಬಲದ್ದು ಕೆಲಸಕ್ಕೆ ಚಕ್ಕರ್. ಮಳೆಗಾಲದಲ್ಲಿ ಕಾರು ಎಷ್ಟು ದಿನ ನಿಂತಿತ್ತೋ! ಡಿಸ್ಕಿನ ಕ್ಯಾಲಿಪರಿನ ಪಿಸ್ಟನ್ ತುಕ್ಕಿಗೆ ಜಾಮ್ ಆಗಿರುತ್ತೆ. ಅಥವಾ ಕ್ಯಾಲಿಪರ್ ಅತ್ತಿತ್ತ ಜಾರೋ ಪಿನ್ನುಗಳಲ್ಲಿ ಗ್ರೀಸ್ ಒಣಗಿರುತ್ತೆ. ಬಿಚ್ಚಿ ನೋಡಿದ್ರೆ ಒಳಗಿನ ಪ್ಯಾಡ್ ಸವೆದು ಹಪ್ಪಳ, ಹೊರಗಿನದು ಹೊಸದಿದ್ದ ಹಾಗೇ. ಆಯಿಲ್ ತಳ್ಳೋಕೆ ಹೋದ ಕಡೆ ಯಾವುದೂ ಜರುಗೋದಿಲ್ಲ, ಅದಕ್ಕೇ ಪೆಡಲ್ ಮೇಲೇ ನಿಲ್ಲುತ್ತೆ, ನಿಮ್ಮ ಕಾಲಿಗೆ ಗಟ್ಟಿ ಅನ್ನಿಸುತ್ತೆ.”

ಇನ್ನೊಂದು ಸಾಧ್ಯತೆ ಚಕ್ರಕ್ಕೆ ಹೋಗುವ ರಬ್ಬರ್ ಹೋಸ್. ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಕಾಲಿನ ಬಲಕ್ಕೆ ಸ್ವಲ್ಪ ಆಯಿಲ್ ನುಗ್ಗಿದರೂ ಮರಳಿ ಬರಲಾಗದೆ ಚಕ್ರ ಹಿಡಿದುಕೊಂಡೇ ಇರುವುದುಂಟು. ಹಾಗೆ ಹಿಡಿದುಕೊಂಡ ಚಕ್ರದ ನಿಪ್ಪಲ್ ಸಡಿಲಿಸಿ ನೋಡಬೇಕು: ಚಕ್ರ ಬಿಟ್ಟುಕೊಂಡರೆ ತಪ್ಪು ಹೋಸಿನದು, ಬಿಡದಿದ್ದರೆ ಕ್ಯಾಲಿಪರಿನದು. ಇವೆರಡೂ ಅಲ್ಲದಿದ್ದರೆ ಪ್ಯಾಡುಗಳನ್ನೇ ನೋಡಬೇಕು. ಮಿತಿಮೀರಿ ಕಾದ ಪ್ಯಾಡಿನ ಮುಖ ನುಣುಪಾಗಿ ಹೊಳೆಯುತ್ತಿರುತ್ತದೆ. ಎಷ್ಟು ಒತ್ತಿದರೂ ಡಿಸ್ಕಿನ ಮೇಲೆ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಎಣ್ಣೆ, ಗ್ರೀಸ್ ತಾಗಿದ ಪ್ಯಾಡನ್ನು ತೊಳೆದು ಹಾಕುವ ಹಾಗೇ ಇಲ್ಲ. ಹಾಕುವುದಾದರೆ ಎಡ ಬಲ ಎರಡಕ್ಕೂ ಹೊಸದೇ. “ಧೂಳನ್ನ ಮಾತ್ರ ಉಫ್ ಅಂತ ಊದಬೇಡಿ, ಏರ್ ಹೊಡೆಸಲೂಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು. ನಾವು ದಿನಾ ಊದಿದವರೇ. ನಮಗೆ ಆಗ ಯಾರೂ ಹೇಳಿರಲಿಲ್ಲ.”

ಮಾತು ಆಯಿಲ್ ಕಡೆ ತಿರುಗಿತು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಇದನ್ನು ಎಲ್ಲರೂ ಆಯಿಲ್ ಅನ್ನುತ್ತೇವಾದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ; ಗಾಳಿಯ ತೇವ ಹೀರಿಕೊಳ್ಳುವುದು ಅದರ ಗುಣ. ಹೊಸ ಡಾಟ್ 3 ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಆ ಮಟ್ಟಗಳು 230 ಮತ್ತು 155. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯೂ ಗಾಳಿಯ ಹಾಗೇ ಕುಗ್ಗುತ್ತದೆ, ಪೆಡಲ್ ಸೀದಾ ನೆಲಕ್ಕೆ. ವರ್ಷಕ್ಕೆ ನಾಲ್ಕು ತಿಂಗಳು ಗೋಡೆಯೇ ಬೆವರುವ ಮಲೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

“ನಮ್ಮ ಬೀದಿ ಕೊನೆ ಮನೆಯವರು ಏನು ಮಾಡಿದ್ರು ಗೊತ್ತಲ್ಲ?” ಎಂದರು ರಾಯರು. ಗೊತ್ತಿತ್ತು, ಆದರೂ ಕೇಳಿದೆ. ಬ್ರೇಕ್ ಆಯಿಲ್ ಕಮ್ಮಿಯಾಗಿದೆ ಎಂದು ಯಾರದೋ ಮಾತು ಕೇಳಿ ಪವರ್ ಸ್ಟೀರಿಂಗ್ ಆಯಿಲ್ ಹೊಯ್ದಿದ್ದರು. ಖನಿಜ ಎಣ್ಣೆ ತಾಗಿದರೆ ಬ್ರೇಕಿನ ರಬ್ಬರುಗಳು ಊದಿಕೊಳ್ಳುತ್ತವೆ. ಮಾಸ್ಟರಿನಲ್ಲಿ ಆಯಿಲ್ ಮರಳಿ ಬರುವ ಸಣ್ಣ ತೂತು ಮುಚ್ಚಿಹೋಗಿ, ಪೆಡಲ್ ಗಟ್ಟಿಯಾಗಿ, ನಾಲ್ಕೂ ಚಕ್ರ ಹಿಡಿದುಕೊಂಡು ಹೊಗೆ ಬಂತು. ಕೊನೆಗೆ ಮಾಸ್ಟರ್, ಕ್ಯಾಲಿಪರ್, ವೀಲ್ ಸಿಲಿಂಡರ್, ಹೋಸ್ ಎಲ್ಲದರ ರಬ್ಬರನ್ನೂ ಹೊಸದು ಹಾಕಿಸಬೇಕಾಯಿತು. ಅಷ್ಟಾದರೂ ಆ ಮನೆಯವರು ಈಗಲೂ ಹೇಳುವುದು, ಆಯಿಲ್ ಒಳ್ಳೇ ಕಂಪನಿಯದೇ ಆಗಿತ್ತು ಎಂದು.

ಘಾಟಿ ಅಂದ ಮೇಲೆ ಆಗುಂಬೆ ಬಾರದೆ ಇರುತ್ತದೆಯೇ. ಹದಿನಾಲ್ಕು ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟುವ ತನಕ ಇಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿನಲ್ಲಿ ಬಿಟ್ಟು ಪೆಟ್ರೋಲ್ ಉಳಿಸುವ ಶೂರರು ನಮ್ಮ ನೆಂಟರಿಷ್ಟರಲ್ಲೇ ಇದ್ದಾರೆ. ರಾಯರಿಗೆ ಅವರ ಹೆಸರು ಎತ್ತಿದರೆ ಬಿ.ಪಿ. ಏರುತ್ತದೆ.

“ಅಲ್ಲ ಮಾರಾಯ್ರೇ, ಈಗ ತಾನೇ ನೋಡಿದ್ರಿ. ಇಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿಯೋದು ಒಂದೆರಡು ಒತ್ತು. ತಿರುವು ಹದಿನಾಲ್ಕು! ಮೂರನೇ ತಿರುವಿನಿಂದ ಪೆಡಲ್ ಗಟ್ಟಿ. ಒಳ್ಳೇ ಕಾರಿಗೆ ಕೈಯಾರೆ ರೋಗ ತಂದುಕೊಂಡ ಹಾಗೆ. ಗೇರ್ ಹಾಕಿ, ಎರಡನೇದೋ ಮೂರನೇದೋ, ಇಂಜಿನ್ನೇ ಕಾರನ್ನ ಹಿಡಿದುಕೊಳ್ಳುತ್ತೆ. ಕಾಲು ಬ್ರೇಕಿನ ಮೇಲೆ ಇಟ್ಟುಕೊಂಡೇ ಇರಬಾರದು, ಒತ್ತಬೇಕು, ಬಿಡಬೇಕು. ಅವರು ಉಳಿಸಿದ ಪೆಟ್ರೋಲಿನಲ್ಲಿ ಸೋಮೇಶ್ವರದಲ್ಲಿ ಒಂದು ಕಾಫಿ ಬರುತ್ತೋ ಇಲ್ಲವೋ!”

ಕತ್ತಲಾಗುತ್ತಿತ್ತು. ಒಳಗಿನಿಂದ ಒಗ್ಗರಣೆಯ ಚಟಪಟ ಕೇಳಿತು. ಗ್ಯಾರೇಜಿಗೆ ಏನು ಹೇಳಬೇಕೆಂದು ರಾಯರು ಬಾಯಲ್ಲೇ ಒಕ್ಕಣೆ ಹೇಳಿದರು, ನಾನು ಹಳೇ ಮೇಷ್ಟ್ರ ಅಭ್ಯಾಸದಿಂದ ಜೇಬಿನ ಚೀಟಿಯಲ್ಲಿ ಬರೆದುಕೊಂಡೆ: ‘ಪೆಡಲ್ ಗಟ್ಟಿ. ಇಂಜಿನ್ ಚಾಲೂ ಮಾಡಿದರೆ ಇಳಿಯುತ್ತದೆ. ನಿಲ್ಲಿಸಿದ ಮೇಲೂ ಒಂದೆರಡು ಒತ್ತು ಹಗುರ. ಬ್ರೇಕ್ ಹಾಕಿದಾಗ ಮಾತ್ರ ಎಡಕ್ಕೆ ಎಳೆತ. ಎಡ ಚಕ್ರ ಬಿಸಿ, ಬಲ ಚಕ್ರ ತಣ್ಣಗೆ. ಬಲಗಡೆ ಕ್ಯಾಲಿಪರ್, ಹೋಸ್, ಪ್ಯಾಡ್ ನೋಡುವುದು. ಬೂಸ್ಟರ್ ಮುಟ್ಟಕೂಡದು.’ ಕೊನೆಯ ವಾಕ್ಯಕ್ಕೆ ಎರಡು ಗೆರೆ ಎಳೆಸಿದರು. ಅದು ಸರಿಹೋಗುವ ತನಕ ಗ್ಯಾರೇಜಿಗೆ ಬಿಟ್ಟು ಬೇರೆಲ್ಲಿಗೂ ಕಾರು ತೆಗೆಯಕೂಡದೆಂದು ಅಪ್ಪಣೆಯೂ ಆಯಿತು.

“ಗ್ಯಾರೇಜಿಗೆ ಹೋಗೋ ಮೊದಲು ಬಲ ಚಕ್ರ ಬಿಚ್ಚಿ ನಾವೇ ಒಮ್ಮೆ ಕಣ್ಣಾಡಿಸಬಹುದಲ್ಲ ರಾಯರೇ?” ಎಂದೆ.

“ನೋಡಬಹುದು. ಜಾಕ್ ಒಂದರ ಮೇಲೇ ನಿಲ್ಲಿಸಿ ಕೆಳಗೆ ಕೈ ಹಾಕಬಾರದು, ದಪ್ಪ ಮರದ ದಿಮ್ಮಿ ಕೊಡಬೇಕು. ಹಿಂದಿನ ಚಕ್ರಕ್ಕೆ ಕಲ್ಲು. ಬೆಳಿಗ್ಗೆ ಬೆಳಕಲ್ಲಿ ಮಾಡೋಣ. ನಿಮ್ಮ ಜಾಕ್ ತೆಗೆದಿಡಿ.”

“ಡಿಕ್ಕಿಯಲ್ಲಿಲ್ಲವಲ್ಲ. ಯಾರೋ ತಗೊಂಡು ಹೋಗಿದ್ದಾರೆ.”

“ಥೂ, ಈ ಬೀದಿಯ ಜನ! ಕೇಳಿ ತಗೊಂಡು ಹೋದ ಸಾಮಾನು ವಾಪಸ್ ಕೊಡೋ ಮರ್ಯಾದೆ ಯಾರಿಗೂ ಇಲ್ಲ,” ಎಂದು ರಾಯರು ಶುರುಮಾಡಿದ್ದರಷ್ಟೇ, ಅವರ ಮನೆಯ ಅಡುಗೆಮನೆ ಕಿಟಕಿಯಿಂದ ಅವರ ಯಜಮಾನಿತಿಯ ದನಿ ಬಂತು: “ರೀ, ಮೇಷ್ಟ್ರ ಜಾಕ್ ಹೋದ ದೀಪಾವಳಿಯಿಂದ ನಮ್ಮ ವಾಷಿಂಗ್ ಮೆಷಿನ್ನಿನ ಮುರಿದ ಕಾಲಿಗೆ ಕೊಟ್ಟಿದೆ. ನಾಳೆ ಒಂದು ಟ್ರಿಪ್ ಬಟ್ಟೆ ಆದ ಮೇಲೆ ಒಯ್ಯಿರಿ. ಹಾಗೇ ಆ ದಿಮ್ಮಿಯನ್ನ ಇಲ್ಲಿಗೆ ಕೊಡಿ ಅನ್ನಿ.”